ಲಂಡನ್ ವಿಳಾಸದ ಕಂಪನಿ ಇದ್ದರೆ ಗಿರಾಕಿ ಜಾಸ್ತಿ ನಂಬುತ್ತಾರಾ? ಧಾರವಾಡದಿಂದ ಕೇಳುತ್ತಿದ್ದೇನೆ

ನವಲೂರ_ಪೇರಲ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಾವು ಮೂವರು ಗೆಳೆಯರು. ಸಪ್ತಾಪುರದಲ್ಲಿ ಎರಡು ಕೋಣೆಯ ಆಫೀಸ್. ಹಲ್ಲಿನ ಡಾಕ್ಟರುಗಳ ಕ್ಲಿನಿಕ್‌ಗೆ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಅಪಾಯಿಂಟ್‌ಮೆಂಟ್, ಬಿಲ್, ಎಕ್ಸ್‌ರೇ ಫೋಟೋ ಜೋಡಿಸಿಡುವುದು, ಮುಂದಿನ ಭೇಟಿಗೆ ಮೆಸೇಜ್ ಕಳಿಸುವುದು. ಹುಬ್ಬಳ್ಳಿ, ಗದಗ, ಬೆಳಗಾವಿ ಸೇರಿ 40ರ ಹತ್ತಿರ ಕ್ಲಿನಿಕ್‌ಗಳಲ್ಲಿ ನಡೆಯುತ್ತಿದೆ. ಸದ್ಯ ನಮ್ಮದು ರಿಜಿಸ್ಟರ್ ಆದ ಪಾರ್ಟ್‌ನರ್‌ಶಿಪ್ ಫರ್ಮ್.

ಇಲ್ಲಿನ ಒಬ್ಬ ಡಾಕ್ಟರ ತಂಗಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾರೆ. ಅವರ ಮೂಲಕ ಅಲ್ಲಿನ ಎರಡು ಕ್ಲಿನಿಕ್‌ನವರು ಡೆಮೊ ನೋಡಿದರು, ಇಷ್ಟ ಆಯಿತು ಅಂದರು. ಆಮೇಲೆ ಮಾತು ನಿಧಾನ ಆಗಿದೆ. ನಾವು ಧಾರವಾಡದವರು ಅಂತ ಹಿಂಜರಿಯುತ್ತಿದ್ದಾರೆ ಅಂತ ನನ್ನ ಗೆಳೆಯನ ಅನುಮಾನ.

ಇದೇ ಹೊತ್ತಿಗೆ ಒಬ್ಬ ಏಜೆಂಟ್ ಸಿಕ್ಕಿದ್ದಾರೆ. 35,000 ರೂಪಾಯಿಗೆ 24 ಗಂಟೆಯಲ್ಲಿ ಲಂಡನ್ ಕಂಪನಿ. ವಿಳಾಸ, ಸರ್ಟಿಫಿಕೇಟ್, ಷೇರು ಪತ್ರ ಎಲ್ಲಾ ಅವರೇ ಕೊಡುತ್ತಾರಂತೆ. ಇಲ್ಲಿ ತೆರಿಗೆ ಕಟ್ಟುವ ಅಗತ್ಯವೂ ಇಲ್ಲವಂತೆ. ಇನ್ನೊಬ್ಬ ಗೆಳೆಯ ಅಮೆರಿಕದ ಡೆಲವೇರ್ ರಾಜ್ಯ ಚಲೋ ಅನ್ನುತ್ತಾನೆ. ಸಿಂಗಾಪುರ್ ಅನ್ನುವವರೂ ಇದ್ದಾರೆ.

ಮನೆಯಲ್ಲಿ ಹೇಳಿದಾಗ ಅಪ್ಪ ಒಂದೇ ಮಾತು ಕೇಳಿದರು. ‘ಕೆಲಸ ಇಲ್ಲಿ ಮಾಡ್ತೀರಿ, ಬೋರ್ಡ್ ಯಾಕೆ ಅಲ್ಲಿ?’ ನನಗೆ ಉತ್ತರ ಹೊಳೆಯಲಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಮಾಡಿದವರು ಇದ್ದರೆ ದಯವಿಟ್ಟು ಹೇಳಿ.

ಲ್ಯಾಮಿಂಗ್ಟನ್_ರೋಡ್:

ನನ್ನ ಕೇಳಿದರೆ ಮಾಡಿಬಿಡಿ. 35 ಸಾವಿರ ದೊಡ್ಡ ರೊಕ್ಕ ಅಲ್ಲ. ಕಾರ್ಡ್ ಮೇಲೆ ಲಂಡನ್ ಅಂತ ಇದ್ದರೆ ಎದುರಿನವರು ಮಾತಾಡುವ ಧಾಟಿಯೇ ಬೇರೆ. ನಾನು ದಿನಾ ಗಿರಾಕಿಗಳ ಜೊತೆ ಇರುವವನು, ಕಣ್ಣಾರೆ ನೋಡಿದ್ದೇನೆ.

ಉಣಕಲ್_ದಂಡೆ:

ತಮ್ಮಾ, ಸ್ವಲ್ಪ ತಡಿ. ರೊಕ್ಕ ಕಳಿಸುವ ಮೊದಲು ಇದನ್ನು ಓದು.

2022ರ ಮಾರ್ಚ್‌ನಲ್ಲಿ ನಾನೂ ಇದನ್ನೇ ಮಾಡಿದೆ. ವಿದ್ಯಾನಗರದಲ್ಲಿ ಕೂತು ವೆಬ್‌ಸೈಟ್ ಮಾಡಿಕೊಡುತ್ತಿದ್ದೆ. ಒಬ್ಬ ಏಜೆಂಟ್ 28,000 ತೆಗೆದುಕೊಂಡರು. ಆಗ ಅಲ್ಲಿನ ಕಂಪನೀಸ್ ಹೌಸ್, ಅಂದರೆ ಕಂಪನಿ ನೋಂದಣಿ ಕಚೇರಿಯ, ಆನ್‌ಲೈನ್ ಫೀ 12 ಪೌಂಡ್. ನಮ್ಮ ಲೆಕ್ಕದಲ್ಲಿ 1,200 ರೂಪಾಯಿ. ಇದು ನನಗೆ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ.

ಸರ್ಟಿಫಿಕೇಟ್ ಮರುದಿನವೇ ಬಂತು. ಕೊಪ್ಪಿಕರ್ ರೋಡಿನಲ್ಲಿ ಫ್ರೇಮ್ ಹಾಕಿಸಿದೆ. ಅವ್ವ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು. ಆ ದಿನದ ಖುಷಿ ಸುಳ್ಳಲ್ಲ, ಅದನ್ನು ಈಗಲೂ ಹೇಳುತ್ತೇನೆ.

ಬ್ಯಾಂಕ್ ಖಾತೆ ತೆಗೆಯಲು ಹೋದಾಗ ತೊಂದರೆ ಶುರುವಾಯಿತು. ಡೈರೆಕ್ಟರ್ ಅಲ್ಲಿ ವಾಸ ಇಲ್ಲ ಅಂದ ಕೂಡಲೇ ಮೂರು ಬ್ಯಾಂಕ್‌ಗಳು ಆಗಲ್ಲ ಅಂದವು. ಕೊನೆಗೆ ಒಂದು ಆನ್‌ಲೈನ್ ಖಾತೆ ಸಿಕ್ಕಿತು. ನಾಲ್ಕು ತಿಂಗಳಿಗೆ ಅದನ್ನೂ ತಡೆಹಿಡಿದರು. ಆಫೀಸ್ ಬಾಡಿಗೆ ಕರಾರು ತೋರಿಸಿ, ಕರೆಂಟ್ ಬಿಲ್ ತೋರಿಸಿ ಅಂತ ಕೇಳಿದರು. ಎಲ್ಲಿಂದ ತರಲಿ? ನನ್ನ ಕರೆಂಟ್ ಬಿಲ್ ಬರುವುದು ಹೆಸ್ಕಾಂನಿಂದ. ಗಿರಾಕಿ ಕೊಟ್ಟ ರೊಕ್ಕ ಒಂಬತ್ತು ವಾರ ಅಲ್ಲೇ ಸಿಕ್ಕಿಹಾಕಿಕೊಂಡಿತ್ತು.

ಆಮೇಲೆ ಲೆಕ್ಕಪತ್ರ. ಕಂಪನಿ ಹುಟ್ಟಿದ ದಿನದಿಂದ 21 ತಿಂಗಳ ಒಳಗೆ ಮೊದಲ ಲೆಕ್ಕ ಸಲ್ಲಿಸಬೇಕು. ನನಗೆ ಅದು 2023ರ ಡಿಸೆಂಬರ್. ವ್ಯವಹಾರ ನಿಂತು ಹೋಗಿತ್ತು, ಹಾಗಾಗಿ ಏನೂ ಕೊಡಬೇಕಿಲ್ಲ ಅಂದುಕೊಂಡೆ. ನೆನಪಿಸುವ ಪತ್ರಗಳು ಲಂಡನ್ ವಿಳಾಸಕ್ಕೆ ಹೋಗುತ್ತಿದ್ದವು. ಆ ವಿಳಾಸದ ವರ್ಷದ ಫೀ ನಾನು ಕಟ್ಟಿರಲಿಲ್ಲ, ಹಾಗಾಗಿ ಯಾರೂ ನನಗೆ ಪತ್ರ ಕಳಿಸಲಿಲ್ಲ. ತಡವಾದರೆ ದಂಡ ಹೀಗೆ: ಒಂದು ತಿಂಗಳ ಒಳಗೆ 150 ಪೌಂಡ್, ಮೂರು ತಿಂಗಳವರೆಗೆ 375, ಆರು ತಿಂಗಳವರೆಗೆ 750, ಆರು ದಾಟಿದರೆ 1,500. ನನ್ನದು ಆರು ದಾಟಿತ್ತು. ಒಂದೂವರೆ ಲಕ್ಷಕ್ಕೂ ಜಾಸ್ತಿ. ಆ ವರ್ಷದ ನನ್ನ ಉಳಿತಾಯ ಪೂರ್ತಿ ಹೋಯಿತು.

ಅದಕ್ಕಿಂತ ನೋವಾದ ವಿಷಯ ಬೇರೆ ಇದೆ. ಅಲ್ಲಿನ ರಿಜಿಸ್ಟರ್ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಕಂಪನಿ ಯಾವಾಗ ಹುಟ್ಟಿತು, ಡೈರೆಕ್ಟರ್ ಯಾವ ದೇಶದವನು, ಲೆಕ್ಕ ಕೊಟ್ಟಿದ್ದಾನಾ, ಎಲ್ಲಾ ಕಾಣುತ್ತದೆ. ಮ್ಯಾಂಚೆಸ್ಟರ್‌ನ ಒಬ್ಬ ಹಳೆಯ ಗಿರಾಕಿ ಹೊಸ ಕೆಲಸ ಕೊಡುವ ಮುಂಚೆ ನೋಡಿದ್ದಾರೆ. ‘ನಿಮ್ಮ ಲೆಕ್ಕ ಬಾಕಿ ಅಂತ ಬರುತ್ತಿದೆಯಲ್ಲ’ ಅಂತ ಮೇಲ್ ಮಾಡಿದರು. ನಾನು ಹುಬ್ಬಳ್ಳಿ ಹೆಸರಲ್ಲೇ ಬಿಲ್ ಕಳಿಸುತ್ತಿದ್ದಾಗ ಎರಡು ವರ್ಷ ನನ್ನ ಮೇಲೆ ಅನುಮಾನ ಪಡದ ಮನುಷ್ಯ ಅವರು. ಆ ಕೆಲಸ ಬರಲಿಲ್ಲ.

ಮುಚ್ಚುವಾಗಲೂ ಜಾಗ್ರತೆ ಬೇಕು. ಅಲ್ಲಿ ಕಂಪನಿಯ ಹೆಸರು ತೆಗೆದು ಹಾಕಿದರೆ ಅದರ ಖಾತೆಯಲ್ಲಿ ಉಳಿದ ರೊಕ್ಕ ‘ಕ್ರೌನ್’ಗೆ, ಅಂದರೆ ಅಲ್ಲಿನ ಸರ್ಕಾರಕ್ಕೆ ಸೇರುತ್ತದೆ. ನಾನು ಮೊದಲೇ ತೆಗೆದುಕೊಂಡಿದ್ದೆ, ಅಷ್ಟು ಬಚಾವಾದೆ.

ಲ್ಯಾಮಿಂಗ್ಟನ್_ರೋಡ್:

ಇಷ್ಟೆಲ್ಲಾ ಇರುತ್ತದೆ ಅಂತ ಗೊತ್ತಿರಲಿಲ್ಲ ಅಣ್ಣಾ. ನಾನು ಕಾರ್ಡ್ ಬಗ್ಗೆ ಮಾತ್ರ ಯೋಚನೆ ಮಾಡಿದ್ದೆ.

ಲಂಡನ್_ಹಾವೇರಿ:

ಹಾವೇರಿಯವನು, ಹನ್ನೆರಡು ವರ್ಷದಿಂದ ಲಂಡನ್ ಹತ್ತಿರ ಇದ್ದೇನೆ. ಇಲ್ಲಿನ ಕಡೆಯಿಂದ ಸ್ವಲ್ಪ ಹೇಳುತ್ತೇನೆ.

ಮೊದಲು ಹೊಸ ನಿಯಮಗಳು. 12 ಪೌಂಡ್ ಕಾಲ ಮುಗಿಯಿತು. 2024ರ ಮೇ 1ರಿಂದ 50 ಆಯಿತು. 2026ರ ಫೆಬ್ರುವರಿ 1ರಿಂದ 100 ಪೌಂಡ್. ಪ್ರತಿ ವರ್ಷ ಕೊಡುವ ದೃಢೀಕರಣ ಪತ್ರಕ್ಕೆ ಆನ್‌ಲೈನ್‌ನಲ್ಲಿ 50. 2024ರ ಮಾರ್ಚ್ 4ರಿಂದ ಬರೀ ಪಿ.ಒ. ಬಾಕ್ಸ್ ವಿಳಾಸ ನಡೆಯುವುದಿಲ್ಲ. ಕಳಿಸಿದ ಪತ್ರ ಕಂಪನಿಯ ಪರವಾಗಿ ಯಾರಾದರೂ ತೆಗೆದುಕೊಳ್ಳುವಂಥ ಜಾಗ ಬೇಕು. 2025ರ ನವೆಂಬರ್ 18ರಿಂದ ಡೈರೆಕ್ಟರ್‌ಗಳೂ ಕಂಪನಿಯ ಹಿಡಿತ ಇರುವವರೂ ತಮ್ಮ ಗುರುತು ಸಾಬೀತು ಮಾಡಲೇಬೇಕು. ಸುಳ್ಳು ಕಂಪನಿಗಳು ಭಾಳ ಆದವು ಅಂತ ಇವೆಲ್ಲಾ ಬಂದವು. ಇದು ಒಳ್ಳೆಯದೇ.

ಈಗ ಗೌರವದ ವಿಷಯ. ಇಲ್ಲಿನ ರಿಜಿಸ್ಟರ್‌ನಲ್ಲಿ 50 ಲಕ್ಷಕ್ಕೂ ಜಾಸ್ತಿ ಕಂಪನಿಗಳಿವೆ. ಮೂಲೆಯ ಕ್ಷೌರದ ಅಂಗಡಿಯೂ ಲಿಮಿಟೆಡ್. ಹೆಸರಿನ ಮುಂದೆ ಲಿಮಿಟೆಡ್ ಇದೆ ಅಂತ ಇಲ್ಲಿ ಯಾರೂ ಎದ್ದು ನಿಲ್ಲುವುದಿಲ್ಲ. ನಮ್ಮ ಊರಲ್ಲಿ ಕೂತು ನೋಡಿದಾಗ ಅದು ದೊಡ್ಡದಾಗಿ ಕಾಣುತ್ತದೆ, ಅಷ್ಟೇ.

ನವಲೂರಿನ ತಮ್ಮನಿಗೆ ಒಂದು ಮಾತು. ಆ ಕ್ಲಿನಿಕ್‌ನವರು ಯಾಕೆ ನಿಧಾನ ಮಾಡುತ್ತಿದ್ದಾರೆ ಅಂತ ಅವರನ್ನೇ ಕೇಳಿದ್ದೀರಾ? ನನ್ನ ಅಂದಾಜು, ಅವರ ತಲೆನೋವು ರೋಗಿಗಳ ಮಾಹಿತಿ. ಎನ್‌ಎಚ್‌ಎಸ್, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯ, ರೋಗಿಗಳ ಮಾಹಿತಿ ಮುಟ್ಟುವ ಸಂಸ್ಥೆ ಇಲ್ಲಿ ಡೇಟಾ ಭದ್ರತೆಯ ಟೂಲ್‌ಕಿಟ್ ಅಂತ ಒಂದನ್ನು ವರ್ಷಾವರ್ಷ ತುಂಬಬೇಕು. ಇನ್ನೊಂದು, ಮಾಹಿತಿಯನ್ನು ಭಾರತಕ್ಕೆ ಕಳಿಸಿದರೆ, ಭಾರತದಿಂದ ತೆರೆದು ನೋಡಿದರೂ ಸಾಕು, ಅದಕ್ಕೆ ಬೇರೆ ಕರಾರು ಬೇಕು. ಅದಕ್ಕೆ ಐಡಿಟಿಎ ಅನ್ನುತ್ತಾರೆ. ಮಾಹಿತಿ ರಕ್ಷಣೆ ಸಾಕಷ್ಟಿದೆ ಅಂತ ಬ್ರಿಟನ್ ಒಪ್ಪಿದ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ, ಅದಕ್ಕೆ. ಗಮನಿಸಿ: ಲಂಡನ್ ಕಂಪನಿ ಮಾಡಿದರೂ ಕೆಲಸ ಸಪ್ತಾಪುರದ ಫರ್ಮ್ ಮಾಡುತ್ತದೆ. ಹಾಗಾಗಿ ಆ ಕರಾರು ತಪ್ಪುವುದಿಲ್ಲ. ಮೊದಲು ಒಂದು ಕರಾರು ಇತ್ತು, ಈಗ ಎರಡು ಆಗುತ್ತವೆ.

ಗದಗ_ಆಡಿಟರ್:

ತಡವಾಗಿ ಬಂದೆ, ರಿಟರ್ನ್ಸ್ ಕೆಲಸ ಇತ್ತು. ಏಜೆಂಟ್ ಹೇಳಿದ ‘ಇಲ್ಲಿ ತೆರಿಗೆ ಇಲ್ಲ’ ಅನ್ನುವ ಮಾತು ಓದಿ ಸುಮ್ನೆ ಕೂರಲು ಆಗಲಿಲ್ಲ. ಇದರಿಂದ ಕಷ್ಟಕ್ಕೆ ಸಿಕ್ಕ ಹುಡುಗರನ್ನು ನನ್ನ ಆಫೀಸ್‌ನಲ್ಲೇ ನೋಡಿದ್ದೇನೆ.

ಭಾರತದಲ್ಲಿ ವಾಸ ಇರುವವರು ಹೊರಗಿನ ಕಂಪನಿಯ ಷೇರು ತೆಗೆದುಕೊಂಡರೆ ಅದು ವಿದೇಶಿ ಹೂಡಿಕೆ. 2022ರ ಆಗಸ್ಟ್ 22ರಿಂದ ಇದಕ್ಕೆ ಹೊಸ ನಿಯಮಗಳಿವೆ. ಷೇರು ಮಾರುಕಟ್ಟೆಯಲ್ಲಿ ಇಲ್ಲದ ಕಂಪನಿ ಆದರೆ ಒಂದೇ ಒಂದು ಷೇರು ತೆಗೆದುಕೊಂಡರೂ ಅದು ನೇರ ಹೂಡಿಕೆ, ಅಂದರೆ ಒಡಿಐ. ರೊಕ್ಕ ಹೋಗುವುದು ನಿಮ್ಮ ಬ್ಯಾಂಕಿನ ಮೂಲಕ. ಬ್ಯಾಂಕಿಗೆ ಫಾರ್ಮ್ ಎಫ್‌ಸಿ ಕೊಡಬೇಕು. ರಿಸರ್ವ್ ಬ್ಯಾಂಕಿನಿಂದ ಯುಐಎನ್ ಅನ್ನುವ ನಂಬರ್ ಬರಬೇಕು. ಷೇರು ಬಂದ ಪುರಾವೆ ಆರು ತಿಂಗಳ ಒಳಗೆ ಕೊಡಬೇಕು. ಆಮೇಲೆ ಸಾಮಾನ್ಯವಾಗಿ ಪ್ರತಿ ವರ್ಷ ಡಿಸೆಂಬರ್ 31ರ ಒಳಗೆ ಎಪಿಆರ್ ಅನ್ನುವ ವರದಿ. ಎಪಿಆರ್ ತಪ್ಪಿದರೆ ತಡವಾದ ಫೀ 7,500 ರೂಪಾಯಿ, ಮತ್ತು ಅದನ್ನು ಸರಿಪಡಿಸುವ ತನಕ ಆ ಕಂಪನಿಗೆ ಮುಂದೆ ರೊಕ್ಕ ಕಳಿಸಲು ಬಿಡುವುದಿಲ್ಲ.

ನವಲೂರ_ಪೇರಲ:

ಸರ್, ಷೇರು ಬರೀ 1 ಪೌಂಡ್, ಅದನ್ನು ನಾವೇ ಕಟ್ಟುತ್ತೇವೆ, ಬ್ಯಾಂಕ್ ಬೇಕಿಲ್ಲ ಅಂತ ಏಜೆಂಟ್ ಹೇಳಿದ್ದಾರೆ.

ಗದಗ_ಆಡಿಟರ್:

ಅಲ್ಲೇ ತಪ್ಪು ಶುರುವಾಗುವುದು. ಮೊತ್ತ ಚಿಕ್ಕದು ಅಂತ ನಿಯಮದಿಂದ ಬಿಡುಗಡೆ ಇಲ್ಲ. ನಿಮ್ಮ ಹೆಸರಲ್ಲಿ ಷೇರು ಇದೆ, ನಮ್ಮ ಕಡೆ ದಾಖಲೆ ಇಲ್ಲ. ನಾಳೆ ಆ ಕಂಪನಿಯಿಂದ ರೊಕ್ಕ ತರುವಾಗ, ಇಲ್ಲಾ ಮಾರುವಾಗ, ಬ್ಯಾಂಕ್ ಯುಐಎನ್ ಕೇಳುತ್ತದೆ. ಆಗ ನನ್ನಂಥವರ ಹತ್ತಿರ ಓಡಿ ಬರುತ್ತೀರಿ.

ತೆರಿಗೆ ಮಾತು. ಹೊರಗಿನ ಕಂಪನಿಯನ್ನು ನಿಜವಾಗಿ ನಡೆಸುವ ಜಾಗ ಭಾರತ ಆಗಿದ್ದರೆ ಅದನ್ನು ಭಾರತದ ಕಂಪನಿ ಅಂತಲೇ ತೆರಿಗೆ ಹಾಕುವ ನಿಯಮ ಇದೆ. ವರ್ಷಕ್ಕೆ 50 ಕೋಟಿವರೆಗಿನ ವಹಿವಾಟಿನ ಕಂಪನಿಗಳಿಗೆ ಇದು ಅನ್ವಯಿಸುವುದಿಲ್ಲ ಅಂತ 2017ರ ಸುತ್ತೋಲೆ ಹೇಳುತ್ತದೆ. ಏಜೆಂಟ್‌ಗಳು ಈ ಅರ್ಧ ಮಾತನ್ನು ಹಿಡಿದುಕೊಂಡು ಮಾರುತ್ತಾರೆ. ಉಳಿದ ಅರ್ಧ ಹೀಗಿದೆ. ನೀವು ಮೂವರೂ ಸಪ್ತಾಪುರದಲ್ಲಿ ಕೂತು ಕೆಲಸ ಮಾಡುತ್ತೀರಿ, ಇಲ್ಲೇ ತೀರ್ಮಾನ ತೆಗೆದುಕೊಳ್ಳುತ್ತೀರಿ. ಹಾಗಿದ್ದಾಗ ಆ ಕಂಪನಿಗೆ ಭಾರತದಲ್ಲಿ ನೆಲೆ ಇದೆ ಅಂತ ಇಲಾಖೆ ಹೇಳಬಹುದು. ಇಲ್ಲಿನ ಕೆಲಸಕ್ಕೆ ಸೇರಿದ ಲಾಭಕ್ಕೆ ಇಲ್ಲಿ ತೆರಿಗೆ ಬೀಳುತ್ತದೆ.

ಅಲ್ಲಿ ಕಂಪನಿ ತೆರಿಗೆ ಚಿಕ್ಕ ಲಾಭಕ್ಕೆ 19%, ದೊಡ್ಡದಕ್ಕೆ 25%. ಉಳಿದದ್ದನ್ನು ಡಿವಿಡೆಂಡ್ ಆಗಿ ತಂದರೆ ಇಲ್ಲಿ ನಿಮ್ಮ ಸ್ಲ್ಯಾಬ್ ಪ್ರಕಾರ ಮತ್ತೆ ತೆರಿಗೆ. ಕಂಪನಿ ಅಲ್ಲಿ ಕಟ್ಟಿದ್ದು ನಿಮ್ಮ ಸ್ವಂತ ತೆರಿಗೆಯಲ್ಲಿ ಕಳೆಯುವುದಿಲ್ಲ. ಈಗಿನ ಫರ್ಮ್‌ನಲ್ಲಿ 30% ಮತ್ತು ಸೆಸ್ ಒಮ್ಮೆ ಕಟ್ಟಿದರೆ ಲಾಭದ ಪಾಲು ನಿಮ್ಮ ಕೈಗೆ ತೆರಿಗೆ ಇಲ್ಲದೆ ಬರುತ್ತಿದೆ ಅಲ್ವಾ? ಲೆಕ್ಕ ಹಾಕಿ ನೋಡಿ.

ಇನ್ನು ರಿಟರ್ನ್. ವಿದೇಶಿ ಷೇರು ಇದ್ದ ಮೇಲೆ ಐಟಿಆರ್ 1 ಮತ್ತು 4 ಅನ್ನುವ ಫಾರ್ಮ್‌ಗಳು ನಡೆಯುವುದಿಲ್ಲ. ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ತೋರಿಸುವ ಷೆಡ್ಯೂಲ್ ಎಫ್‌ಎ ತುಂಬಬೇಕು. ಅದು ಏಪ್ರಿಲ್-ಮಾರ್ಚ್ ಅಲ್ಲ, ಜನವರಿ-ಡಿಸೆಂಬರ್ ಲೆಕ್ಕ. ಇಲ್ಲೇ ಭಾಳ ಜನ ಎಡವುತ್ತಾರೆ. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡಕ್ಕೆ ಅವಕಾಶ ಇದೆ. 2024ರ ಅಕ್ಟೋಬರ್ 1ರಿಂದ, ಸ್ಥಿರಾಸ್ತಿ ಬಿಟ್ಟು ಒಟ್ಟು 20 ಲಕ್ಷದವರೆಗಿನ ಆಸ್ತಿಗೆ ಆ ದಂಡ ಸಡಿಲ ಮಾಡಿದ್ದಾರೆ. ಹಾಗಂತ ತೋರಿಸುವುದನ್ನು ಬಿಡಬೇಡಿ.

ಉಣಕಲ್_ದಂಡೆ:

ಆಡಿಟರ್ ಸರ್, ಇದನ್ನು 2022ರಲ್ಲಿ ಯಾರಾದರೂ ನನಗೆ ಹೇಳಿದ್ದರೆ!

ಕೇಶ್ವಾಪುರ_ಕ್ರಾಸ್:

ಸಿಂಗಾಪುರ್ ಬಗ್ಗೆ ಗೊತ್ತಿದ್ದಷ್ಟು ಹೇಳುತ್ತೇನೆ. ರಿಜಿಸ್ಟ್ರೇಷನ್ 315 ಸಿಂಗಾಪುರ್ ಡಾಲರ್, ಕಂಪನಿ ತೆರಿಗೆ 17%. ಹೆಸರು ಭಾಳ ಚಲೋ. ಆದರೆ ಅಲ್ಲೇ ವಾಸ ಇರುವ ಒಬ್ಬ ಡೈರೆಕ್ಟರ್ ಕಡ್ಡಾಯ. ಆರು ತಿಂಗಳ ಒಳಗೆ ಕಂಪನಿ ಸೆಕ್ರೆಟರಿ ಬೇಕು. ನಿಮ್ಮವರು ಯಾರೂ ಅಲ್ಲಿ ಇಲ್ಲದಿದ್ದರೆ ಬಾಡಿಗೆ ಡೈರೆಕ್ಟರ್‌ಗೆ ಪ್ರತಿ ವರ್ಷ ರೊಕ್ಕ ಕೊಡುತ್ತಾ ಇರಬೇಕು. ಗುರುತಿಲ್ಲದ ಮನುಷ್ಯನ ಸಹಿ ನಿಮ್ಮ ಕಂಪನಿಯಲ್ಲಿ. ನನಗೆ ಅದು ಸರಿ ಅನ್ನಿಸಲಿಲ್ಲ, ಬಿಟ್ಟೆ.

ಸಾಧನಕೇರಿ_ಹುಡುಗಿ:

ಡೆಲವೇರ್ ಬಗ್ಗೆ ನಾನು ಹೇಳಬಹುದು. ನಮ್ಮದು ಡೆಲವೇರ್ ಕಂಪನಿಯೇ. ನಮಗೆ ಅದರಿಂದ ಒಳ್ಳೆಯದಾಗಿದೆ, ಅದನ್ನೂ ಹೇಳಬೇಕು ಅಂತ ಬರೆಯುತ್ತಿದ್ದೇನೆ.

ನಮ್ಮ ಮೂವರಲ್ಲಿ ಒಬ್ಬ ಅಮೆರಿಕದಲ್ಲೇ ಇದ್ದಾನೆ. ಹೆಚ್ಚಿನ ಷೇರು ಅವನದು. ಗಿರಾಕಿಗಳು ಅಲ್ಲಿಯವರು. ರೊಕ್ಕ ಹಾಕಲು ಬಂದವರು ಕರಾರಿನಲ್ಲೇ ಡೆಲವೇರ್ ಕಂಪನಿ ಬೇಕು ಅಂತ ಬರೆದಿದ್ದರು. ಅವರಿಗೆ ಅದು ಯಾಕೆ ಬೇಕು ಅಂತ ಆಗ ಓದಿ ತಿಳಿದುಕೊಂಡೆ. ಅಲ್ಲಿನ ಚಾನ್ಸರಿ ಕೋರ್ಟ್ 1792ರಿಂದ ಇದೆ. ಕಂಪನಿ ಜಗಳಗಳನ್ನು ಜ್ಯೂರಿ ಇಲ್ಲದೆ, ಅದರಲ್ಲೇ ಪಳಗಿದ ಜಡ್ಜ್‌ಗಳೇ ತೀರ್ಮಾನ ಮಾಡುತ್ತಾರೆ. ಇನ್ನೂರು ವರ್ಷಕ್ಕೂ ಜಾಸ್ತಿ ಕಾಲದ ತೀರ್ಪುಗಳಿವೆ. ಹಾಗಾಗಿ ಜಗಳ ಬಂದರೆ ಏನಾಗಬಹುದು ಅಂತ ವಕೀಲರು ಮೊದಲೇ ಅಂದಾಜು ಹೇಳಬಲ್ಲರು. ಹೂಡಿಕೆದಾರರು ನಂಬುವುದು ಆ ಕೋರ್ಟನ್ನು. ವಿಳಾಸದಲ್ಲಿ ಅಂಥದ್ದೇನೂ ಇಲ್ಲ. ವಿಲ್ಮಿಂಗ್ಟನ್ ಊರಿನ 1209 ನಾರ್ತ್ ಆರೆಂಜ್ ಸ್ಟ್ರೀಟ್ ಅನ್ನುವ ಒಂದೇ ಕಟ್ಟಡದ ವಿಳಾಸದಲ್ಲಿ ಎರಡೂವರೆ ಲಕ್ಷಕ್ಕೂ ಜಾಸ್ತಿ ಕಂಪನಿಗಳು ದಾಖಲಾಗಿದ್ದವು.

ಈಗ ನಮ್ಮ ಮೊದಲ ಗಾಬರಿ. ಕಂಪನಿ ಮಾಡುವಾಗ ರೂಢಿಯಂತೆ 1 ಕೋಟಿ ಷೇರು ಅಂತ ಹಾಕಿದ್ದೆವು. ಅಲ್ಲಿ ದಾಖಲಾದ ಕಂಪನಿ ವರ್ಷಾವರ್ಷ ಮಾರ್ಚ್ 1ರ ಒಳಗೆ ಕಟ್ಟುವ ಫ್ರಾಂಚೈಸ್ ತೆರಿಗೆಯ ನೋಟಿಸ್ ಬಂತು. 85,165 ಡಾಲರ್! ಆ ರಾತ್ರಿ ನನಗೆ ನಿದ್ದೆ ಇಲ್ಲ. ಬೆಳಿಗ್ಗೆ ಲೆಕ್ಕದವರು ಹೇಳಿದರು, ಷೇರಿನ ಸಂಖ್ಯೆ ಮೇಲೆ ಲೆಕ್ಕ ಹಾಕಿದರೆ ಹೀಗೆ ಬರುತ್ತದೆ, ಆಸ್ತಿ ಮೇಲೆ ಲೆಕ್ಕ ಹಾಕುವ ಇನ್ನೊಂದು ದಾರಿ ಇದೆ ಅಂತ. ಹಾಗೆ ಮಾಡಿದಾಗ 400 ಡಾಲರ್, ಜೊತೆಗೆ ವರದಿ ಫೀ 50. ಗೊತ್ತಿಲ್ಲದೆ ಹೆದರಿ ಕಂಪನಿ ಮುಚ್ಚಿದವರೂ ಇರಬಹುದು.

ಎಲ್‌ಎಲ್‌ಸಿ ಅನ್ನುವ ಇನ್ನೊಂದು ಬಗೆಯ ಕಂಪನಿ ಆದರೆ ಜೂನ್ 1ಕ್ಕೆ 300 ಡಾಲರ್. ಆದರೆ ಮಾಲೀಕ ಒಬ್ಬನೇ, ಅವನೂ ವಿದೇಶಿ ಅಂದರೆ 5472 ಅನ್ನುವ ಫಾರ್ಮ್ ಇದೆ. ಕಂಪನಿಗೆ ತಾನೇ ಹಾಕಿದ ರೊಕ್ಕವನ್ನೂ ಅದರಲ್ಲಿ ತೋರಿಸಬೇಕು. ತೆರಿಗೆ ಸೊನ್ನೆ ಇದ್ದರೂ ಕೊಡಬೇಕು. ಕೊಡದಿದ್ದರೆ ದಂಡ 25,000 ಡಾಲರ್. ಇಪ್ಪತ್ತು ಲಕ್ಷ ದಾಟುತ್ತದೆ. ‘ಅಮೆರಿಕ ಎಲ್‌ಎಲ್‌ಸಿ, ಸೊನ್ನೆ ತೆರಿಗೆ’ ಅನ್ನುವ ವಿಡಿಯೋಗಳಲ್ಲಿ ಇದನ್ನು ಹೇಳಿದ್ದನ್ನು ನಾನು ನೋಡಿಲ್ಲ.

ಗದಗ_ಆಡಿಟರ್:

ಸಾಧನಕೇರಿ ಅಕ್ಕಾರು ಚಲೋ ಬರೆದಿದ್ದಾರೆ. ‘ಹೆಚ್ಚಿನ ಷೇರು ಅಲ್ಲಿದ್ದವನದು’ ಅನ್ನುವ ಮಾತನ್ನು ಎಲ್ಲರೂ ಗಮನಿಸಿ. ಇಲ್ಲಿ ವಾಸ ಇರುವ ವ್ಯಕ್ತಿ ಹೊರಗಿನ ಕಂಪನಿಯ ಹಿಡಿತ ತನ್ನ ಕೈಯಲ್ಲಿ ಇಟ್ಟುಕೊಂಡು, ಅದರ ಕೆಳಗೆ ಮತ್ತೊಂದು ಅಂಗಸಂಸ್ಥೆ ಇಡುವಂತಿಲ್ಲ. ಮೇಲೆ ಡೆಲವೇರ್, ಕೆಳಗೆ ಧಾರವಾಡ ಅಂತ ಚಿತ್ರ ಬರೆದುಕೊಂಡು ಬರುವ ಹುಡುಗರು ಬಿಕ್ಕಟ್ಟಿಗೆ ಬೀಳುವುದು ಇಲ್ಲೇ.

ದೊಡ್ಡವರೂ ವಾಪಸ್ ಬರುತ್ತಿದ್ದಾರೆ. ಫೋನ್‌ಪೇ 2022ರಲ್ಲಿ ಸಿಂಗಾಪುರ್‌ನಿಂದ ಭಾರತಕ್ಕೆ ಬಂತು. ಅದಕ್ಕೆ ಅದರ ಹೂಡಿಕೆದಾರರು ಕಟ್ಟಿದ ತೆರಿಗೆ ಸುಮಾರು 8,000 ಕೋಟಿ ರೂಪಾಯಿ. ಷೇರು ಖರೀದಿ ಆ್ಯಪ್ ನಡೆಸುವ ಗ್ರೋ ಕಂಪನಿ ಡೆಲವೇರ್ ಬಿಟ್ಟು ಬರಲು 1,340 ಕೋಟಿ ಕಟ್ಟಿತು. ಹೋಗುವಾಗ ನೂರು ಪೌಂಡ್, ಬರುವಾಗ ಎಷ್ಟು ಅಂತ ಯಾರೂ ಕೇಳುವುದಿಲ್ಲ.

ಲ್ಯಾಮಿಂಗ್ಟನ್_ರೋಡ್:

ಗುರುರಾಜ ದೇಶಪಾಂಡೆಯವರೂ ನಮ್ಮ ಹುಬ್ಬಳ್ಳಿಯವರೇ ಅಲ್ವಾ? ಅವರ ಕಂಪನಿ ಅಮೆರಿಕದ್ದು. ಅದೂ ಒಂದು ಉದಾಹರಣೆ.

ಸಾಧನಕೇರಿ_ಹುಡುಗಿ:

ಹೌದು, ಅವರ ಸಿಕಾಮೋರ್ ನೆಟ್‌ವರ್ಕ್ಸ್ 1999ರಲ್ಲಿ ಅಮೆರಿಕದ ಷೇರುಪೇಟೆ ನಾಸ್ಡಾಕ್‌ಗೆ ಹೋಯಿತು. ಆದರೆ ಅವರು ಅಲ್ಲೇ ಇದ್ದು, ಅಲ್ಲೇ ಕಟ್ಟಿದರು. ಅದೇ ವರ್ಷ ಇನ್ಫೋಸಿಸ್ ಕೂಡ ನಾಸ್ಡಾಕ್‌ಗೆ ಹೋಯಿತು. ಅದು ಭಾರತದ ಕಂಪನಿಯಾಗಿಯೇ ಹೋಯಿತು, ಈಗಲೂ ಹಾಗೇ ಇದೆ. ಗೋಕುಲ ರೋಡ್ ಕಡೆ ಹೋದಾಗ ಇನ್ಫೋಸಿಸ್ ಕ್ಯಾಂಪಸ್ ನೋಡಿ ನನಗೆ ಇದೇ ನೆನಪಾಗುತ್ತದೆ.

ಬ್ಯಾಡಗಿ_ಕಡ್ಡಿ:

ನಾವು ಮೆಣಸಿನಕಾಯಿ ಮಂದಿ. ಸಾಫ್ಟ್‌ವೇರ್ ಗೊತ್ತಿಲ್ಲ. ಆದರೆ ಹೊರದೇಶದ ಗಿರಾಕಿ ಏನು ಕೇಳುತ್ತಾರೆ ಅಂತ ಗೊತ್ತು.

ನನ್ನ ಅಳಿಯ ಒಂದು ಸಲ ದುಬೈ ಹೆಸರಲ್ಲಿ ಲೆಟರ್‌ಹೆಡ್ ಮಾಡೋಣ ಮಾವ, ರೇಟ್ ಜಾಸ್ತಿ ಸಿಗುತ್ತದೆ ಅಂದ. ಯುರೋಪಿನ ಒಬ್ಬ ಖರೀದಿದಾರರ ಜೊತೆ ಮಾತಾಡುತ್ತಿದ್ದೆವು. ಅವರು ಕೇಳಿದ್ದು ಮೂರು. ಸುಡಾನ್ ಅನ್ನುವ ಕೃತಕ ಬಣ್ಣ ಇಲ್ಲ ಅನ್ನುವ ಲ್ಯಾಬ್ ವರದಿ. ಅಫ್ಲಾಟಾಕ್ಸಿನ್ ಅನ್ನುವ ವಿಷ ಎಷ್ಟಿದೆ ಅನ್ನುವ ವರದಿ. ಸ್ಪೈಸಸ್ ಬೋರ್ಡ್‌ನ ರಫ್ತುದಾರರ ಸರ್ಟಿಫಿಕೇಟ್. ಕಾಯಿ ಒಣಗಿಸುವಾಗ ನೆಲದ ತೇವ ತಾಗಿದರೆ ಬೂಸ್ಟು ಹಿಡಿಯುತ್ತದೆ, ಅಫ್ಲಾಟಾಕ್ಸಿನ್ ಬರುವುದು ಆ ಬೂಸ್ಟಿನಿಂದ. ಅದಕ್ಕೆ ನಾವು ರೊಕ್ಕ ಹಾಕಿದ್ದು ಒಣಗಿಸುವ ಕಣಕ್ಕೆ, ತಾಡಪಾಲಿಗೆ. ಬ್ಯಾಡಗಿ ಕಾಯಿಗೆ 2011ರಲ್ಲಿ ಜಿಐ, ಅಂದರೆ ಊರಿನ ಹೆಸರಿನ ಅಧಿಕೃತ ಗುರುತು, ಸಿಕ್ಕಿದೆ. ಬಣ್ಣ ಜಾಸ್ತಿ, ಖಾರ ಕಡಿಮೆ, ಅದೇ ಇದರ ಬೆಲೆ. ಬ್ಯಾಡಗಿ ಹೆಸರು ತೆಗೆದು ದುಬೈ ಹಾಕಿದರೆ ನನ್ನ ಮಾಲಿನ ಗುರುತೇ ಹೋದಂತೆ. ಅಳಿಯನಿಗೆ ಈಗ ಅದು ಮನಸ್ಸಿಗೆ ಬಂದಿದೆ.

ಕಸೂತಿ_ಅಕ್ಕ:

ಅಣ್ಣಾರ ಮಾತು ಬರೋಬ್ಬರಿ. ನಮ್ಮ ಗುಂಪಿನಲ್ಲಿ ಹದಿನಾಲ್ಕು ಹೆಣ್ಣುಮಕ್ಕಳು ಕಸೂತಿ ಹಾಕುತ್ತಾರೆ. ಹೊರದೇಶಕ್ಕೂ ಸೀರೆ, ದುಪಟ್ಟಾ ಹೋಗುತ್ತವೆ. ಮಗಳು ಒಮ್ಮೆ ಟ್ಯಾಗ್ ಮೇಲೆ ಊರಿನ ಹೆಸರು ಬಿಟ್ಟು ಇಂಗ್ಲಿಷ್ ಹೆಸರೊಂದನ್ನು ಮಾತ್ರ ಹಾಕಿಸಿದ್ದಳು. ಒಬ್ಬ ಗಿರಾಕಿ ಬರೆದು ಕೇಳಿದರು, ಇದು ನಿಜವಾಗಿ ಧಾರವಾಡದ್ದೇನಾ, ಮಷೀನ್ ಕೆಲಸ ಅಲ್ಲ ತಾನೆ ಅಂತ. ಈಗ ಟ್ಯಾಗ್ ಮೇಲೆ ಗವಂತಿ, ಮುರಗಿ, ನೇಗಿ, ಮೆಂತ್ಯೆ ಅಂತ ಯಾವ ಹೊಲಿಗೆ ಇದೆಯೋ ಅದನ್ನೂ ಬರೆಸುತ್ತೇವೆ, ಊರನ್ನೂ ಬರೆಸುತ್ತೇವೆ.

ನನಗೆ ತೊಂದರೆ ಆಗಿದ್ದು ರೊಕ್ಕ ಬರುವುದರಲ್ಲಿ. ಹೊರಗಿನ ಕಂಪನಿ ಮಾಡಬೇಕು ಅಂತ ನಾನೂ ಅದಕ್ಕೇ ಯೋಚಿಸಿದ್ದೆ. ಬೇರೆ ದಾರಿ ಇದೆಯಾ ಆಡಿಟರ್ ಸರ್?

ಗದಗ_ಆಡಿಟರ್:

ಇದೆ ಅಕ್ಕಾ. ಗಡಿಯಾಚೆಯ ಪಾವತಿ ಸಂಸ್ಥೆಗಳಿಗೆ ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್ 31ರಂದು ನಿಯಮ ತಂದಿದೆ. ಲೈಸೆನ್ಸ್ ಇರುವ ಸಂಸ್ಥೆಯ ಮೂಲಕ ಗಿರಾಕಿ ಅವರ ದೇಶದ ಖಾತೆ ನಂಬರಿಗೇ ಕಟ್ಟಬಹುದು, ನಿಮಗೆ ರೂಪಾಯಿ ಬರುತ್ತದೆ. ಒಂದು ವ್ಯವಹಾರಕ್ಕೆ 25 ಲಕ್ಷ ಮಿತಿ. ನಮ್ಮಂಥವರಿಗೆ ಸಾಕು. ರೊಕ್ಕ ಬಂದ ಪುರಾವೆ ಪತ್ರ ತಪ್ಪದೇ ಇಟ್ಟುಕೊಳ್ಳಿ. ಜಿಎಸ್‌ಟಿ ಇದ್ದರೆ ವರ್ಷಕ್ಕೊಮ್ಮೆ ಎಲ್‌ಯುಟಿ ಅನ್ನುವ ಮುಚ್ಚಳಿಕೆ ಪತ್ರ ಹಾಕಿದರೆ ರಫ್ತಿನ ಮೇಲೆ ತೆರಿಗೆ ಕಟ್ಟದೇ ಬಿಲ್ ಮಾಡಬಹುದು.

ನವಲೂರಿನ ತಮ್ಮ, ನಿಮಗೂ ಇದೇ. ಇನ್ನೊಂದು, ಕರಾರಿಗೆ ಇಂಗ್ಲೆಂಡಿನ ಕಾನೂನು ಅನ್ವಯ ಅಂತ ಭಾರತದ ಕಂಪನಿಯೂ ಬರೆದುಕೊಡಬಹುದು. ಗಿರಾಕಿಗೆ ಬೇಕಾದ ಧೈರ್ಯ ಅದರಲ್ಲೇ ಅರ್ಧ ಸಿಗುತ್ತದೆ.

ನವಲೂರ_ಪೇರಲ (ಮೂರು ವಾರದ ಮೇಲೆ):

ಎಲ್ಲರಿಗೂ ಕೈ ಮುಗಿಯುತ್ತೇನೆ. ಇಷ್ಟು ದಿನ ಬರೆಯಲಿಲ್ಲ, ಕ್ಷಮಿಸಿ.

ಹಾವೇರಿ ಅಣ್ಣ ಹೇಳಿದಂತೆ ಲೀಡ್ಸ್‌ನವರಿಗೆ ನೇರವಾಗಿ ಫೋನ್ ಮಾಡಿ ಕೇಳಿದೆ. ಕ್ಲಿನಿಕ್‌ನ ಮ್ಯಾನೇಜರ್ ಒಬ್ಬರು ಮುಕ್ಕಾಲು ಗಂಟೆ ಮಾತಾಡಿದರು. ಲಂಡನ್ ಅನ್ನುವ ಶಬ್ದ ಅವರ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ಎಕ್ಸ್‌ರೇ ಯಾವ ದೇಶದ ಸರ್ವರ್‌ನಲ್ಲಿ ಇರುತ್ತದೆ, ಧಾರವಾಡದಲ್ಲಿ ಯಾರು ಯಾರು ಅದನ್ನು ತೆರೆಯಬಹುದು, ತಪ್ಪಾದರೆ ವಿಮೆ ಇದೆಯಾ, ಬೆಳಿಗ್ಗೆ 9ಕ್ಕೆ ಸಿಸ್ಟಮ್ ನಿಂತರೆ ಫೋನ್ ಎತ್ತುವವರು ಯಾರು. ಇಷ್ಟೇ. ಅವರ 9 ಗಂಟೆ ಅಂದರೆ ನಮಗೆ ಬೇಸಿಗೆಯಲ್ಲಿ ಮಧ್ಯಾಹ್ನ 1:30, ಚಳಿಗಾಲದಲ್ಲಿ 2:30. ನಾವು ಊಟಕ್ಕೆ ಮನೆಗೆ ಹೋಗುವ ಹೊತ್ತು! ಇನ್ನು ಮುಂದೆ ಒಬ್ಬರು ಆಫೀಸ್‌ನಲ್ಲೇ ಬುತ್ತಿ ಊಟ ಅಂತ ತೀರ್ಮಾನ ಆಗಿದೆ.

ಏಜೆಂಟ್‌ಗೆ ಬೇಡ ಅಂತ ಹೇಳಿದೆವು. ಫರ್ಮ್ ಬಿಟ್ಟು ಇಲ್ಲೇ ಪ್ರೈವೇಟ್ ಲಿಮಿಟೆಡ್ ಮಾಡುತ್ತಿದ್ದೇವೆ. ಇದು ಬರೀ ಹೆಸರಿಗಲ್ಲ. ಪಾರ್ಟ್‌ನರ್‌ಶಿಪ್‌ನಲ್ಲಿ ಅಲ್ಲಿನ ಗಿರಾಕಿ ಕೇಸ್ ಹಾಕಿದರೆ ನಮ್ಮ ಮನೆಗಳಿಗೂ ಬರಬಹುದು ಅಂತ ಆಡಿಟರ್ ಸರ್ ಫೋನ್‌ನಲ್ಲಿ ವಿವರಿಸಿದರು. ಅಪ್ಪ ಮನೆ ಕಟ್ಟಿಸಿದ್ದು ಹದಿನೆಂಟು ವರ್ಷ ಸಾಲ ತೀರಿಸಿ. ಅದನ್ನು ಪಣಕ್ಕೆ ಇಡಲಾರೆ. 15 ಲಕ್ಷದವರೆಗಿನ ಬಂಡವಾಳದ ಕಂಪನಿಗೆ ಸರ್ಕಾರದ ರಿಜಿಸ್ಟ್ರೇಷನ್ ಫೀ ಇಲ್ಲ, ಸ್ಟಾಂಪ್ ಡ್ಯೂಟಿ ಮಾತ್ರ ಅಂತಲೂ ಈಗ ಗೊತ್ತಾಯಿತು.

ಮುಂದೆ ಅಲ್ಲಿ ಕ್ಲಿನಿಕ್‌ಗಳು ಜಾಸ್ತಿಯಾಗಿ, ಅಲ್ಲೇ ಒಬ್ಬರನ್ನು ಪಗಾರಕ್ಕೆ ಇಟ್ಟುಕೊಳ್ಳುವ ದಿನ ಬಂದರೆ ಆಗ ಇಂಗ್ಲೆಂಡ್ ಕಂಪನಿ ಮಾಡುತ್ತೇವೆ. ಆಗ ಅದಕ್ಕೆ ಕೆಲಸ ಇರುತ್ತದೆ.

ಗದಗ_ಆಡಿಟರ್:

ಆಗ ನಿಮ್ಮ ಮೂವರ ಹೆಸರಲ್ಲಿ ಬೇಡ. ಇಲ್ಲಿನ ಕಂಪನಿಯ ಕೆಳಗೆ ಅಂಗಸಂಸ್ಥೆಯಾಗಿ ಮಾಡಿ. ಕಂಪನಿಯ ನೆಟ್‌ವರ್ತ್‌ನ, ಅಂದರೆ ಸಾಲ ಕಳೆದು ಉಳಿಯುವ ಆಸ್ತಿಯ, 400% ತನಕ ರೊಕ್ಕ ಬ್ಯಾಂಕಿನ ಮೂಲಕವೇ ಕಳಿಸಬಹುದು. ಎರಡು ಕಂಪನಿಗಳ ನಡುವಿನ ಬಿಲ್ ಮಾತ್ರ ಹೊರಗಿನವರಿಗೆ ಹಾಕುವ ರೇಟ್‌ನಲ್ಲೇ ಇರಬೇಕು, ಅದಕ್ಕೆ ಬೇರೆ ವರದಿ ಇದೆ. ಆ ದಿನ ಬಂದಾಗ ಕೂತು ಮಾಡೋಣ.

ಉಣಕಲ್_ದಂಡೆ:

ಭಾಳ ಖುಷಿ ಆಯಿತು ತಮ್ಮಾ. ನನ್ನ ಒಂದೂವರೆ ಲಕ್ಷ ನಿನಗಾದರೂ ಉಪಯೋಗ ಆಯಿತು.

ನವಲೂರ_ಪೇರಲ:

ಅಣ್ಣಾ, ಶನಿವಾರ ಹುಬ್ಬಳ್ಳಿಗೆ ಬರುತ್ತಿದ್ದೇನೆ, ನಿಮ್ಮನ್ನು ನೋಡಿಯೇ ಹೋಗುತ್ತೇನೆ.

ಹಾವೇರಿ ಅಣ್ಣಾ, ಐಡಿಟಿಎ ಕರಾರಿನ ಮೊದಲ ಪ್ರತಿ ತುಂಬಿದ್ದೇವೆ. ಸರ್ವರ್ ಇಂಗ್ಲೆಂಡಿನಲ್ಲೇ ಇಟ್ಟಿದ್ದೇವೆ, ಆದರೆ ಸಪೋರ್ಟ್ ಮಾಡುವಾಗ ಇಲ್ಲಿಂದ ಪರದೆ ನೋಡುತ್ತೇವೆ. ಅದನ್ನು ಹೇಗೆ ಬರೆಯಬೇಕು ಅಂತ ತಿಳಿಯುತ್ತಿಲ್ಲ. ಒಮ್ಮೆ ನೋಡಿಕೊಡುತ್ತೀರಾ?

ಲಂಡನ್_ಹಾವೇರಿ:

ಕಳಿಸಿ. ಯಾರು ನೋಡುತ್ತಾರೆ, ಯಾವಾಗ, ಎಷ್ಟು ಹೊತ್ತು, ನೋಡಿದ್ದು ಎಲ್ಲಿ ದಾಖಲಾಗುತ್ತದೆ, ಇದನ್ನು ಇದ್ದದ್ದು ಇದ್ದಂತೆ ಬರೆಯಿರಿ. ಭಾನುವಾರ ನನಗೆ ರಜೆ, ನಿಮ್ಮ ಸಂಜೆ ಹೊತ್ತಿಗೆ ಫೋನ್ ಮಾಡುತ್ತೇನೆ.